ಟಾಪ್ ಮಾಡೆಲ್ ಗಾಲಿ, ಬೇಸ್ ಮಾಡೆಲ್ ರಸ್ತೆ

ಕಲಬುರಗಿಯಲ್ಲಿ ಈಗ ಕಾರು ಎಷ್ಟು ಮೈಲೇಜ್ ಕೊಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಗಾಲಿ ಕರಿ ಮಾಡಿಸಿದ್ದೀರಾ ಅಂತ ಕೇಳುತ್ತಾರೆ.

ಬೇಸ್ ಮಾಡೆಲ್ ತಂದವನ ಪಾಡು ಗೊತ್ತಲ್ವಾ? ಕಬ್ಬಿಣದ ಗಾಲಿ, ಮೇಲೊಂದು ಬೂದು ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ರಿಂಗ್ ರೋಡಿನ ಹೊಂಡಕ್ಕೆ ಒಂದು ಮುಚ್ಚಳ ಹಾರಿಹೋಗಿರುತ್ತದೆ. ಉಳಿದ ಮೂರನ್ನು ಜಿಪ್ ಟೈ ಹಾಕಿ ಬಿಗಿದಿರುತ್ತಾನೆ. ಇಂಥವನ ಕೈಗೆ ರಬ್ಬರ್ ಕೋಟಿಂಗಿನ ಸ್ಪ್ರೇ ಡಬ್ಬಿ ಸಿಕ್ಕಿದೆ. ಹೊಡೆದರೆ ಗಾಲಿ ಮ್ಯಾಟ್ ಕಪ್ಪು. ಬೇಜಾರಾದರೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಾಕಬಹುದು. "ಟಾಪ್ ಮಾಡೆಲ್ ಕಂಡಂಗ ಕಾಣ್ತದ ನೋಡ್ರಿ" ಅನ್ನುತ್ತಾನೆ. ಕಾಣುತ್ತದೆ, ಅದರಲ್ಲಿ ಸುಳ್ಳಿಲ್ಲ. ಹೆಣ್ಣು ನೋಡಲು ಹೋಗುವ ಮನೆಯ ಮುಂದೆ ಅರ್ಧ ಗಂಟೆ ನಿಲ್ಲಲು ಅಷ್ಟು ಸಾಕು.

ಕೆಲಸ ಮಾತ್ರ ಸುಲಭದ್ದಲ್ಲ. ಮೊದಲು ಸೋಪು ಹಾಕಿ ತಿಕ್ಕಬೇಕು. ಬ್ರೇಕಿನ ಕರಿಪುಡಿ, ಟಾರಿನ ಕಲೆ, ಎಣ್ಣೆ ಜಿಡ್ಡು ಎಲ್ಲ ಹೋಗಬೇಕು. ಗಾಳಿ ತುಂಬುವ ವಾಲ್ವಿಗೆ ಟೇಪ್ ಸುತ್ತಬೇಕು. ಆಮೇಲೆ ಟೈರು ಮತ್ತು ರಿಮ್ಮಿನ ಸಂದಿಯಲ್ಲಿ ಸುತ್ತಲೂ ಇಸ್ಪೀಟ್ ಎಲೆ ಸಿಕ್ಕಿಸಬೇಕು, ಬಣ್ಣ ಟೈರಿಗೆ ತಾಗದಿರಲಿ ಅಂತ. ಬೀದಿಯಲ್ಲಿ ಜೂಜಾಡುವವರನ್ನು ಹಿಡಿಯುವ ಪೊಲೀಸ್ ಕಾಯ್ದೆಯ 87ನೇ ಕಲಮಿನ ಭಯವಿಲ್ಲದೆ ನಮ್ಮ ಊರಿನ ಗಂಡಸರು ಬೀದಿಯಲ್ಲಿ ರಾಜ, ರಾಣಿ, ಎಕ್ಕ ಹರಡಿಕೊಂಡು ಕೂತಿದ್ದು ಇದೇ ಮೊದಲು.

ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ ತೆಳುವಾಗಿ ಮೊದಲ ಕೋಟ್. ಅದರಲ್ಲಿ ಕೆಳಗಿನ ಲೋಹ ಅರ್ಧ ಕಾಣುತ್ತಿರಬೇಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೊಂದು. ಹೀಗೆ ನಾಲ್ಕೈದು ಕೋಟ್ ಏರಬೇಕು. ಬಿಸಿಲು ಜಾಸ್ತಿ ಇರಬಾರದು, ಧೂಳು ಇರಬಾರದು, ಹತ್ತಿರದಲ್ಲಿ ಬೆಂಕಿ ಇರಬಾರದು. ಬೆಂಕಿಯ ಮಾತು ಬಿಡಿ, ಒಲೆ ಆರಿಸಬಹುದು. ಮೇ ತಿಂಗಳ ಕಲಬುರಗಿಯನ್ನು ಆರಿಸುವುದು ಹೇಗೆ? 42, 43 ಡಿಗ್ರಿಯಲ್ಲಿ ಬಣ್ಣ ಡಬ್ಬಿಯಿಂದ ಹೊರಟು ಗಾಲಿ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಒಣಗುತ್ತದೆ. ಗಾಲಿಯ ಮೇಲೆ ಉಪ್ಪಿಟ್ಟಿನ ರವೆ ಉದುರುತ್ತದೆ. ಹಾಗಾಗಿ ಬೆಳಗಿನ ಜಾವ, ಕೋಳಿ ಕೂಗುವ ಮುಂಚೆ, ಬಡಾವಣೆ ತುಂಬಾ ಟಕ್ ಟಕ್ ಅಂತ ಡಬ್ಬಿ ಅಲ್ಲಾಡಿಸುವ ಸದ್ದು.

ಈ ವಿದ್ಯೆಯ ಗುಟ್ಟು ಒಂದೇ. ಎಲ್ಲ ಕೋಟ್ ಸೇರಿಯೂ ತೆಳುವಾದರೆ ಸುಲಿಯುವಾಗ ಹಾಳೆಯಂತೆ ಬರುವುದಿಲ್ಲ, ಚೂರು ಚೂರಾಗಿ ಕಿತ್ತು ಬರುತ್ತದೆ. ಈ ಗುಟ್ಟು ನಮ್ಮ ರಸ್ತೆ ಹಾಕುವವರಿಗೆ ಮೊದಲೇ ತಿಳಿದಿತ್ತು ಅಂತ ಕಾಣುತ್ತದೆ. ಅವರೂ ತೆಳುವಾಗಿಯೇ ಹೊಡೆಯುತ್ತಾರೆ. ಕೆಳಗಿನ ಜಲ್ಲಿ ಅರ್ಧ ಕಾಣುತ್ತಿರುತ್ತದೆ. ಅಂದರೆ ಮೊದಲ ಕೋಟ್ ಸರಿಯಾಗಿದೆ. ಎರಡನೆಯದಕ್ಕೆ ಹದಿನೈದು ನಿಮಿಷದ ಬದಲು ಮುಂದಿನ ಚುನಾವಣೆವರೆಗೆ ಬಿಡುತ್ತಾರೆ, ಅಷ್ಟೇ ವ್ಯತ್ಯಾಸ. ಸುಲಿಯುವ ಕೆಲಸವನ್ನು ಮಳೆ ಪುಕ್ಕಟೆ ಮಾಡಿಕೊಡುತ್ತದೆ.

ಬಣ್ಣದ ವಿಷಯದಲ್ಲಿ ಅವರು ಜಿಪುಣರೇನಲ್ಲ. ಸೆಪ್ಟೆಂಬರ್ 17 ಬರಲಿ, ನೋಡಿ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ. ಮುಖ್ಯಮಂತ್ರಿ ಧ್ವಜ ಹಾರಿಸಲು ಬರುತ್ತಾರೆ. ಅದಕ್ಕೆ ಮೊದಲು ಡಿವೈಡರಿಗೆ ಹಳದಿ ಕಪ್ಪು ಪಟ್ಟಿ ಬೀಳುತ್ತದೆ. ಡಿವೈಡರ್ ಫಳಫಳ, ಪಕ್ಕದ ಹೊಂಡ ಹಾಗೇ. ಹೊಂಡಕ್ಕೂ ಒಂದು ಸುತ್ತು ಹಳದಿ ಬಳಿದಿದ್ದರೆ ರಾತ್ರಿ ಕಾಣಿಸುತ್ತಿತ್ತು.

ಬೀದರಿನವರನ್ನು ಕೇಳಿದರೆ ನಗುತ್ತಾರೆ. ಅವರದು ಬಿದ್ರಿ ಕಲೆ: ಸತು, ತಾಮ್ರ ಸೇರಿಸಿದ ಮಿಶ್ರಲೋಹ, ಅದಕ್ಕೆ ಬೆಳ್ಳಿಯ ಎಳೆ. ಕೋಟೆಯೊಳಗಿನ ಹಳೆ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹಮನಿಗಳ ಕಾಲದಿಂದ ಬಂದ ಕಪ್ಪು ಅದು, ಸುಲಿಯುವುದಿಲ್ಲ. ನಮ್ಮವನ ಕಪ್ಪಿಗೆ ನಾಲ್ಕು ಹನಿ ಪೆಟ್ರೋಲ್ ಬಿದ್ದರೆ ಸಾಕು, ಕರಗಿ ಅಂಟಂಟಾಗುತ್ತದೆ. ವಾಷಿಂಗ್ ಸೆಂಟರಿನ ಹುಡುಗ ಪ್ರೆಷರ್ ಪೈಪ್ ಹತ್ತಿರ ಹಿಡಿದರೆ ಅಂಚು ಎದ್ದು ಪಟಪಟ ಬಡಿಯುತ್ತದೆ.

ನನಗೆ ಅರ್ಥವಾಗದ್ದು ಬೇರೆಯೇ ಇದೆ. ಇಷ್ಟೆಲ್ಲ ಯಾಕೆ? ನಮ್ಮ ಭಾಗದ ರಸ್ತೆಗಳು ಗಾಲಿಗೆ ಬಣ್ಣ ಹಚ್ಚುವುದನ್ನು ಎಂದೋ ಶುರು ಮಾಡಿವೆ. ಕಪ್ಪು ಬೇಕಾ? ಮಳೆಗಾಲದಲ್ಲಿ ಜೇವರ್ಗಿ ಕಡೆಯ ಹೊಲದ ದಾರಿಗೆ ಇಳಿಯಿರಿ. ಎರೆಮಣ್ಣು ಗಾಲಿಯ ಜೊತೆ ಮಡ್‌ಗಾರ್ಡಿಗೂ ಕೋಟ್ ಕೊಡುತ್ತದೆ, ಹಾರೆ ಹಾಕಿದರೂ ಬಿಡುವುದಿಲ್ಲ. ಬೂದು ಬೇಕಾದರೆ ಸಿಮೆಂಟ್ ಲಾರಿಗಳ ಹಿಂದೆ ಸೇಡಂ, ವಾಡಿ ಕಡೆ ಹೋಗಿ ಬನ್ನಿ. ಕೆಂಪು ಇಷ್ಟವಾದರೆ ಬೀದರ್, ಅಲ್ಲಿ ಜಂಬಿಟ್ಟಿಗೆ ಮಣ್ಣು. ಮಾಸ್ಕಿಂಗ್ ಟೇಪ್ ಬೇಡ, ಇಸ್ಪೀಟ್ ಎಲೆ ಬೇಡ. ಎಲ್ಲಾ ಮಾಡೆಲಿಗೂ ಒಂದೇ ಬಣ್ಣ.

ಪುಣ್ಯಕ್ಕೆ ಆರ್‌ಸಿಯಲ್ಲಿ ಕಾರಿನ ಮೈಬಣ್ಣ ಮಾತ್ರ ಬರೆದಿರುತ್ತದೆ, ಗಾಲಿಯದ್ದಿಲ್ಲ. ಅದನ್ನೂ ಬರೆಯಬೇಕು ಅಂದಿದ್ದರೆ ಕಲಬುರಗಿಯ ಕೆಎ-32 ಗಾಡಿಯವರೆಲ್ಲ ಸೇಡಂಗೆ ಹೋಗಿ ಬಂದ ಮರುದಿನ ಅರ್ಜಿ ಹಿಡಿದು ಆರ್‌ಟಿಒ ಬಾಗಿಲಲ್ಲಿ ಪಾಳಿ ನಿಲ್ಲಬೇಕಾಗುತ್ತಿತ್ತು: "ಸಾಹೇಬ್ರ, ನಿನ್ನೆ ಕರಿ ಇತ್ತು, ಇವತ್ತು ಬೂದಿ ಆಗ್ಯದ. ನಾಳಿಗಿ ಬೀದರಕ್ಕ ಹೊಂಟೀನಿ, ಕೆಂಪೂ ಈಗೇ ಬರಕೊಂಬಿಡ್ರಿ."