ಮಜ್ಜಿಗೆ ಹುಲ್ಲು ಪುಣೆಗೆ ಬಂದು ಚಹಾ ಆದದ್ದು

ಪುಣೆಗೆ ಬಂದ ಹೊಸದರಲ್ಲಿ ತರಕಾರಿ ಗಾಡಿಯ ಮೇಲೆ, ಕೊತ್ತಂಬರಿ ಪುದೀನದ ಪಕ್ಕ, ಒಂದು ಹುಲ್ಲಿನ ಕಟ್ಟು ಕಂಡಿತು. ಎತ್ತಿ ಮೂಸಿದೆ. ಅರೆ, ನಮ್ಮ ಮಜ್ಜಿಗೆ ಹುಲ್ಲು, ಇಂಗ್ಲಿಷಿನವರ ಲೆಮನ್‌ಗ್ರಾಸ್! ಹೆಸರು ಕೇಳಿದರೆ ಗಾಡಿಯವ 'ಗವತಿ ಚಹಾ' ಎಂದ. ಗವತ ಅಂದರೆ ಮರಾಠಿಯಲ್ಲಿ ಹುಲ್ಲು. ಹುಲ್ಲಿನ ಚಹಾ. ಗುಜರಾತಿಗಳೂ ಅಷ್ಟೇ, 'ಲೀಲಿ ಚಾ' ಅನ್ನುತ್ತಾರೆ, ಹಸಿರು ಚಹಾ ಅಂತ. ನಾವು ಮಜ್ಜಿಗೆಗೆ ಅಂಟಿಸಿದ ಗಿಡವನ್ನು ಇವರೆಲ್ಲ ಚಹಾಕ್ಕೆ ಅಂಟಿಸಿಬಿಟ್ಟಿದ್ದಾರೆ.

ಸಾಗರದ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಇದು ಬಚ್ಚಲ ನೀರು ಹರಿಯುವ ಜಾಗದಲ್ಲಿ ಪೊದೆಯಾಗಿ ನಿಂತಿತ್ತು. ಊಟಕ್ಕೆ ಮುಂಚೆ ನಾಲ್ಕು ಗರಿ ತರುವುದು ಮಕ್ಕಳ ಕೆಲಸ. ಅಂಚು ಗರಗಸದ ಹಾಗೆ. ಸುಮ್ನೆ ಎಳೆದರೆ ಬೆರಳಿಗೆ ಗೀರು ಬೀಳುತ್ತದೆ. ಅಜ್ಜಿ ಗರಿಗಳನ್ನು ಕೈಯಲ್ಲೇ ಹೊಸೆದು, ಗಂಟು ಕಟ್ಟಿ, ಮಜ್ಜಿಗೆ ಪಾತ್ರೆಗೆ ಇಳಿಬಿಡುತ್ತಿದ್ದಳು. ಬಡಿಸುವಾಗ ಗಂಟು ಎತ್ತಿ ಹೊರಗೆ. ಬೆಣ್ಣೆ ಕಾಯಿಸುವಾಗಲೂ ಒಂದು ಗರಿ ಬೀಳುತ್ತಿತ್ತು, ಆದರೆ ಪಾತ್ರೆ ಒಲೆಯಿಂದ ಇಳಿದ ಮೇಲೆ.

ಇಲ್ಲಿ ಮಳೆ ಶುರುವಾಯಿತೆಂದರೆ ಶುಂಠಿ ಜಜ್ಜಿ, ಹುಲ್ಲು ಕತ್ತರಿಸಿ ಹಾಕಿ, ನೀರನ್ನು ಕುದಿಸಿದ್ದೇ ಕುದಿಸಿದ್ದು. ಆಮೇಲೆ ಚಹಾಪುಡಿ, ಸಕ್ಕರೆ, ಹಾಲು. ಮತ್ತೆ ಕುದಿ. ಕುಡಿಯಲು ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ನನ್ನ ತಕರಾರು ಆ ಕುದಿಯ ಮೇಲೆ ಮಾತ್ರ. ಈ ಹುಲ್ಲಿಗೆ ನಿಂಬೆಯ ವಾಸನೆ ಕೊಡುವುದು ಸಿಟ್ರಾಲ್. ಇದರ ಎಣ್ಣೆಯಲ್ಲಿ ನೂರಕ್ಕೆ ಸುಮಾರು 70-80 ಪಾಲು ಅದೇ. ಆವಿಯ ಜೊತೆ ಎದ್ದು ಹೋಗುವುದು ಅದರ ಗುಣ. ಎಣ್ಣೆ ತೆಗೆಯುವವರು ಹುಲ್ಲಿಗೆ ಆವಿ ಹಾಯಿಸುವುದು ಇದಕ್ಕೇ. ಅವರಾದರೆ ಆವಿಯನ್ನು ತಣಿಸಿ ಹಿಡಿದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಹಿಡಿಯುವವರು ಯಾರು? ಮೆಟ್ಟಿಲವರೆಗೂ ಘಮಘಮ, ಲೋಟದಲ್ಲಿ ಅರ್ಧ.

ಹಾಗಂತ ಈ ಗುಟ್ಟು ಮಹಾರಾಷ್ಟ್ರಕ್ಕೆ ಹೊಸದೇನಲ್ಲ. ಇದೇ ಕುಲದ ರೋಶಾ ಹುಲ್ಲಿನಿಂದ ಉತ್ತರ ಮಹಾರಾಷ್ಟ್ರದ ಖಾನದೇಶದಲ್ಲಿ ಹಿಂದಿನಿಂದ ಎಣ್ಣೆ ಇಳಿಸುತ್ತಿದ್ದರು. ಗುಲಾಬಿಯಂಥ ವಾಸನೆ. 19ನೇ ಶತಮಾನದಲ್ಲಿ ಅದು ಮುಂಬಯಿಯಿಂದ ಹಡಗು ಹತ್ತಿ ತುರ್ಕಿಗೆ ಹೋಗಿ, ಅಲ್ಲಿ ಗುಲಾಬಿ ಅತ್ತರಿಗೆ ಕಲಬೆರಕೆಯಾಗುತ್ತಿತ್ತು. ಮೋಸಕ್ಕೂ ಒಳ್ಳೆಯ ಹುಲ್ಲೇ ಬೇಕು!

ಪಕ್ಕದ ಮನೆಯ ಕಾಕೂಗೆ ಒಂದು ಸಲ ನಮ್ಮ ಮಜ್ಜಿಗೆ ಕೊಟ್ಟೆ. 'ತಾಕಾತ್ ಗವತಿ ಚಹಾ?' ಎಂದು ಹುಬ್ಬೇರಿಸಿದರು. ತಾಕ್ ಅಂದರೆ ಮಜ್ಜಿಗೆ. ಮಜ್ಜಿಗೆಗೆ ಚಹಾ ಬೆರೆಸಿದ ಹಾಗೆ ಕೇಳಿಸಿರಬೇಕು, ಪಾಪ. ತಪ್ಪು ಅವರದಲ್ಲ, ಹೆಸರಿನದು. ಥಾಯ್ಲೆಂಡಿನಲ್ಲಿ ಇದನ್ನು ಸೀಗಡಿ ಸಾರಿಗೆ ಹಾಕುತ್ತಾರೆ ಅಂದಿದ್ದರೆ ನಮ್ಮ ಅಜ್ಜಿ ಇನ್ನೂ ಜಾಸ್ತಿ ಹುಬ್ಬೇರಿಸುತ್ತಿದ್ದಳು.

ಲಾವಂಚದಲ್ಲಿ ಜಗಳವಿಲ್ಲ. ಇಲ್ಲಿ ಅದು 'ವಾಳಾ'. ಬೇಸಿಗೆ ಬಂದರೆ ಅವರೂ ಮಣ್ಣಿನ ಮಡಕೆಗೇ ಹಾಕುತ್ತಾರೆ, ನಾವೂ ಅಲ್ಲಿಗೇ. ದವನವೂ ಹಾಗೆ. ಚೈತ್ರದ ಹುಣ್ಣಿಮೆಯನ್ನು ನಾವು ದವನದ ಹುಣ್ಣಿಮೆ ಅನ್ನುತ್ತೇವೆ. ಅದೇ ದಿನ ಕೊಲ್ಹಾಪುರದ ಹತ್ತಿರದ ಜ್ಯೋತಿಬಾ ಜಾತ್ರೆಯಲ್ಲಿ ದೇವರಿಗೆ ದವನ ಏರುತ್ತದೆ. ಆದರೆ ನಮ್ಮ ಗಲ್ಲಿಯಲ್ಲಿ ಮುಡಿಯುವ ಗಜರಾ ಮಾಲೆಯಲ್ಲಿ ಬರೀ ಮೊಗ್ರಾ, ಅಂದರೆ ಮಲ್ಲಿಗೆ. ನಡುನಡುವೆ ಒಂದೊಂದು ಎಸಳು ದವನ, ಒಂಚೂರು ಮರುಗ ಸೇರಿಸಿ ಕಟ್ಟಿದರೆ ಏನು ಹೋಗುತ್ತದೆ ಇವರಿಗೆ? ಮಲ್ಲಿಗೆ ಸಂಜೆಗೆ ಬಾಡುತ್ತದೆ. ದವನ ಒಣಗಿದ ಮೇಲೂ ದಿಂಬಿನ ಮೇಲೆ ವಾಸನೆ ಬಿಟ್ಟಿರುತ್ತದೆ, ಅಲ್ವಾ?

ಈಗ ಬಾಲ್ಕನಿಯ ಕುಂಡದಲ್ಲಿ ನನ್ನದೇ ಒಂದು ಬುಡ ಇದೆ. ಕಾಕೂ ಕೇಳದೆಯೇ ಕತ್ತರಿ ತಂದು ಕೊಯ್ದುಕೊಂಡು ಹೋಗುತ್ತಾರೆ. ತಾಕಿಗೆ ಇವತ್ತಿಗೂ ಹಾಕಿಲ್ಲ. ನಾನು ಮಾತ್ರ ಕಳೆದ ಮಳೆಗಾಲದಿಂದ ಚಹಾಕ್ಕೆ ಹಾಕುತ್ತಿದ್ದೇನೆ. ಒಲೆ ಆರಿಸಿ, ಗಂಟು ಕಟ್ಟಿ ಒಳಗೆ ಬಿಟ್ಟು, ಮೇಲೆ ತಟ್ಟೆ ಮುಚ್ಚಿ.