ವಾದ ಮೊದಲು ಕನ್ನಡದಲ್ಲಿ ನಿಲ್ಲಲಿ

ಕಾಲ್ಪನಿಕ ಮೊಕದ್ದಮೆಯಲ್ಲಿ ವಿದ್ಯಾರ್ಥಿಗಳೇ ವಕೀಲರಂತೆ ವಾದಿಸುವ ಅಣಕು ನ್ಯಾಯಾಲಯ ಸ್ಪರ್ಧೆಗೆ ತಂಡ ಆರಿಸುವ ದಿನ ನಮ್ಮ ಎಷ್ಟೋ ಕಾನೂನು ಕಾಲೇಜುಗಳಲ್ಲಿ ಮೊದಲ ಐದು ನಿಮಿಷಕ್ಕೇ ಅರ್ಧದಷ್ಟು ವಿದ್ಯಾರ್ಥಿಗಳು ಹೊರಬೀಳುತ್ತಾರೆ. ಕಾನೂನು ಗೊತ್ತಿಲ್ಲವೆಂದಲ್ಲ, ಇಂಗ್ಲಿಷ್ ತಡವರಿಸುತ್ತದೆಂದು. ವಕೀಲಿಕೆಯ ಜೊತೆಗೆ ಕೆಲವು ವರ್ಷಗಳಿಂದ ಸಂಜೆ ಹೊತ್ತು ಇಂಥ ತಂಡಗಳನ್ನು ತಯಾರು ಮಾಡುತ್ತಿದ್ದೇನೆ. ಪ್ರತಿ ಸಲ ಇದನ್ನು ನೋಡಿದಾಗಲೂ ಹೊಟ್ಟೆ ಉರಿಯುತ್ತದೆ.

ಕಳೆದ ವರ್ಷದ ಒಂದು ಸಂಜೆಯ ಮಾತು ಹೇಳುತ್ತೇನೆ. ಕೊಟ್ಟಿದ್ದ ಮೊಕದ್ದಮೆ ಇದು: ಕಾಲ್ಪನಿಕ ರಾಜ್ಯವೊಂದರ ಸರ್ಕಾರ ಎಲ್ಲ ಬಸ್ ನಿಲ್ದಾಣಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಕಿ, ಆ ದಾಖಲೆಯನ್ನು ಹತ್ತು ವರ್ಷ ಇಟ್ಟುಕೊಳ್ಳಲು ಕಾಯ್ದೆ ಮಾಡಿದೆ. ಅರ್ಜಿದಾರರ ಪರ ನಿಂತವಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹುಡುಗಿ. ಕೈಯಲ್ಲಿ ಬಿಳಿ ಕಾರ್ಡುಗಳ ಕಟ್ಟು, ಅಂಚೆಲ್ಲ ಬೆವರಿಗೆ ಮೆತ್ತಗಾಗಿತ್ತು. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು, ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು, ಸರ್ಕಾರ ಅದಕ್ಕೆ ಕೈಹಾಕಬೇಕಾದರೆ ಕಾನೂನಿನ ಬಲವಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು. ನ್ಯಾಯಪೀಠದ ಕುರ್ಚಿಯಲ್ಲಿದ್ದ ನಾನು ನಡುವೆ ತಡೆದೆ. "ಕಾನೂನು ಇದೆ. ಕಳ್ಳರನ್ನು ಹಿಡಿಯುವುದು ಒಳ್ಳೆಯ ಉದ್ದೇಶವೇ. ಇನ್ನೇನು ನಿಮ್ಮ ತಕರಾರು?"

ಒಂದು ಕಾರ್ಡು ತಿರುವಿದಳು, ಇನ್ನೊಂದು ತಿರುವಿದಳು. ಫ್ಯಾನಿನ ಕಿರಕಿರ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ.

"ಕನ್ನಡದಲ್ಲಿ ಹೇಳಮ್ಮ" ಎಂದೆ. ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು. "ಸರ್, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ನಾಲ್ಕು ಜನ ಕಳ್ಳರಿಗಾಗಿ ಊರಿನವರೆಲ್ಲರ ಮುಖವನ್ನು ಹತ್ತು ವರ್ಷ ಕೂಡಿಡುವುದು ಏಕೆ? ದೂರು ಬಂದ ದಿನದ ದೃಶ್ಯವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದರೆ ಕೆಲಸ ನಡೆಯುವುದಿಲ್ಲವೇ?"

ಪುಟ್ಟಸ್ವಾಮಿ ತೀರ್ಪು ಕೇಳುವ ಮೂರನೆಯ ಪರೀಕ್ಷೆಯ ತಿರುಳೇ ಇದು. ಅಷ್ಟು ಹೊತ್ತು ಅದು ಅವಳೊಳಗೇ ಇತ್ತು. ಕಾರ್ಡಿನಲ್ಲಿ ಇರಲಿಲ್ಲ, ಅಷ್ಟೇ. ಅದನ್ನು ಇಂಗ್ಲಿಷಿಗೆ ತರಲು ಎರಡು ಸಂಜೆ ಸಾಕಾಯಿತು.

ಅಂದಿನಿಂದ ನನ್ನ ಕ್ರಮವೇ ಬದಲಾಗಿದೆ. ಮೊದಲ ವಾರ ಯಾರೂ ಇಂಗ್ಲಿಷಿನಲ್ಲಿ ವಾದಿಸುವಂತಿಲ್ಲ. ಲಿಖಿತ ವಾದವನ್ನೂ ಮುಟ್ಟುವಂತಿಲ್ಲ. ತೀರ್ಪುಗಳನ್ನು ಓದಬೇಕು, ಓದಿದ್ದನ್ನು ಕನ್ನಡದಲ್ಲಿ ಕಥೆಯಂತೆ ಹೇಳಬೇಕು. ಖರಕ್ ಸಿಂಗ್ ಪ್ರಕರಣವನ್ನೇ ತೆಗೆದುಕೊಳ್ಳಿ. ಖಾಸಗಿತನದ ಬಗ್ಗೆ ವಾದಿಸುವ ಪ್ರತಿ ತಂಡವೂ ಅದನ್ನು ಉಲ್ಲೇಖಿಸುತ್ತದೆ. 1962ರಲ್ಲಿ ಬಂದ ತೀರ್ಪು, ಆರು ನ್ಯಾಯಮೂರ್ತಿಗಳ ಪೀಠ, ಮುಂದೆ ಪುಟ್ಟಸ್ವಾಮಿ ಪೀಠ ಅದರ ಒಂದು ಭಾಗವನ್ನು ತಳ್ಳಿಹಾಕಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಖರಕ್ ಸಿಂಗ್ ಯಾರು? ಉತ್ತರ ಪ್ರದೇಶದಲ್ಲಿ ದರೋಡೆಯ ಆರೋಪ ಹೊತ್ತು, ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆಮೇಲೂ ಪೊಲೀಸರು ರಾತ್ರಿ ಬಂದು ಬಾಗಿಲು ಬಡಿದು, ಕೂಗಿ ಎಬ್ಬಿಸುತ್ತಿದ್ದರು. ಆ ರಾತ್ರಿಯ ಭೇಟಿಗಳನ್ನು ನ್ಯಾಯಾಲಯ ರದ್ದು ಮಾಡಿತು. ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅದನ್ನು ಒಪ್ಪಲಿಲ್ಲ. ಬಾಗಿಲು ಬಡಿಯುವ ಆ ಸದ್ದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡ ವಿದ್ಯಾರ್ಥಿಗೆ ಭಿನ್ನ ತೀರ್ಪಿನ ತರ್ಕವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ತೀರ್ಪಿನ ತಲೆಬರಹದ ಸಾರಾಂಶವನ್ನಷ್ಟೇ ನಕಲು ಮಾಡಿಕೊಂಡವರು ನ್ಯಾಯಪೀಠದ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಎರಡನೆಯ ವಾರ ಕಕ್ಷಿ ಬದಲು. ಅರ್ಜಿದಾರರ ಪರ ಇದ್ದವರು ಸರ್ಕಾರದ ಪರ ನಿಲ್ಲಬೇಕು. ತಮ್ಮ ವಾದದ ತೂತು ಎಲ್ಲಿದೆ ಎಂದು ಕಾಣುವುದು ಆಗಲೇ. ತಮಗೆ ವಿರುದ್ಧವಾದ ತೀರ್ಪನ್ನು ಬಚ್ಚಿಡುವ ಚಾಳಿಯೂ ಆಗಲೇ ಬಿಡುತ್ತದೆ. ಆಮೇಲೆ ಇಂಗ್ಲಿಷ್, ಲಿಖಿತ ವಾದ, ಗಡಿಯಾರ ಎಲ್ಲವೂ ಬರುತ್ತವೆ. ಒಂದು ಮಾತನ್ನು ಮಾತ್ರ ನಾನು ಸಹಿಸುವುದಿಲ್ಲ: "ಆ ಪ್ರಶ್ನೆಗೆ ಮುಂದೆ ಬರುತ್ತೇನೆ." ನ್ಯಾಯಮೂರ್ತಿ ಕೇಳಿದ್ದು ಈಗ, ಉತ್ತರವೂ ಈಗಲೇ ಬೇಕು. ಇಲ್ಲಿ ಅಂಕ ಸಿಗುವುದು ಭಾಷಣಕ್ಕಲ್ಲ, ಉತ್ತರಕ್ಕೆ.

ಸಹೋದ್ಯೋಗಿಗಳ ಆಕ್ಷೇಪಣೆ ನನಗೆ ಗೊತ್ತು. ಸಂವಿಧಾನದ 348ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ, ಹೈಕೋರ್ಟಿನ ಭಾಷೆ ಇಂಗ್ಲಿಷ್, ಸ್ಪರ್ಧೆಯೂ ಇಂಗ್ಲಿಷಿನಲ್ಲೇ, ಕನ್ನಡದಲ್ಲಿ ಕಳೆಯುವ ವಾರ ದಂಡ ಎನ್ನುತ್ತಾರೆ. ಇಂಗ್ಲಿಷ್ ಬೇಡವೆಂದು ನಾನು ಎಂದೂ ಹೇಳಿಲ್ಲ. ಅದನ್ನು ಕಲಿಸದೆ ಮಕ್ಕಳನ್ನು ಬಿಟ್ಟರೆ ಅವರಿಗೆ ದ್ರೋಹ ಮಾಡಿದಂತೆ. ಆದರೆ ಇದೇ ಮಕ್ಕಳಲ್ಲಿ ಬಹುಪಾಲು ಜನ ನಾಳೆ ತಾಲ್ಲೂಕು ನ್ಯಾಯಾಲಯಗಳಲ್ಲಿ ನಿಂತು ಕನ್ನಡದಲ್ಲೇ ಪಾಟೀಸವಾಲು ಮಾಡುವವರು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುತ್ತದೆ. ತಯಾರಿಯ ಕೋಣೆಯಲ್ಲಿ ಮಾತ್ರ ಕನ್ನಡಕ್ಕೆ ಬಾಗಿಲು ಹಾಕುವುದು ಯಾವ ನ್ಯಾಯ?

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ವಿದ್ಯಾರ್ಥಿಯೊಬ್ಬ ವರ್ಷಕ್ಕೆ ಕನಿಷ್ಠ ಮೂರು ಅಣಕು ನ್ಯಾಯಾಲಯಗಳಲ್ಲಿ ಭಾಗವಹಿಸಬೇಕೆಂದಿದೆ. ಒಂದೊಂದಕ್ಕೆ ಹತ್ತು ಅಂಕ: ಲಿಖಿತ ವಾದಕ್ಕೆ ಐದು, ಮೌಖಿಕ ವಾದಕ್ಕೆ ಐದು. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ತರಗತಿಯ ಪ್ರತಿಯೊಬ್ಬರೂ, ಟ್ರೋಫಿ ತರುವ ಮೂವರಲ್ಲ. ಅನೇಕ ಕಡೆ ಇದು ಹಿರಿಯರ ಕಡತ ನೋಡಿ ನಕಲಿಸಿ, ಬೈಂಡ್ ಮಾಡಿಸಿ ಒಪ್ಪಿಸುವ ಕೆಲಸವಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಡತ ಒಪ್ಪಿಸಿದ ಹುಡುಗ ಮೊದಲ ಸಲ ಎದ್ದು ನಿಂತು ಮಾತನಾಡುವುದು ನಿಜವಾದ ಕಕ್ಷಿದಾರನ ಪರವಾಗಿ. ಅಲ್ಲಿ ಅವನು ತಡವರಿಸಿದರೆ ಹೋಗುವುದು ಇನ್ನೊಬ್ಬರ ಜಮೀನು, ಇನ್ನೊಬ್ಬರ ಜಾಮೀನು.

ಆ ಹುಡುಗಿಯ ತಂಡ ಸೆಮಿಫೈನಲ್ ತಲುಪಲಿಲ್ಲ. ಎರಡನೆಯ ಸುತ್ತಿನಲ್ಲಿ ನ್ಯಾಯಪೀಠ ಅವಳನ್ನು ಹೆಚ್ಚುಕಡಿಮೆ ಇದೇ ಪ್ರಶ್ನೆಯಲ್ಲಿ ಹಿಡಿಯಿತು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳು ಒಂದು ಕ್ಷಣ ನಿಂತು, ಕಾರ್ಡುಗಳ ಕಡೆ ಕಣ್ಣು ಹಾಯಿಸದೆ, ನಿಧಾನವಾಗಿ, ತನ್ನದೇ ಸರಳ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಪ್ರಶ್ನೆ ಕೇಳಿದವರು ತಲೆಯಾಡಿಸಿ ಏನನ್ನೋ ಬರೆದುಕೊಂಡರು.

ಹೊಸ ತಂಡದ ತಯಾರಿ ಈ ಶನಿವಾರದಿಂದ ಶುರು. ವಕೀಲ ಮಿತ್ರರಲ್ಲಿ ಒಂದು ಬೇಡಿಕೆ: ಸಂಜೆ ಎರಡು ಗಂಟೆ ನ್ಯಾಯಪೀಠದ ಕುರ್ಚಿಯಲ್ಲಿ ಕೂರಲು ಇನ್ನೂ ಇಬ್ಬರು ಬೇಕು. ಮೊಕದ್ದಮೆಯ ಪ್ರತಿಯನ್ನು ಮೊದಲೇ ಕಳಿಸುತ್ತೇನೆ, ಓದಿಕೊಂಡು ಬನ್ನಿ. ಮಕ್ಕಳನ್ನು ಕರುಣೆಯಿಂದ ಬಿಡಬೇಡಿ, ನಡುನಡುವೆ ತಡೆದು ಕೇಳಿ. ಮೊದಲ ವಾರ ಕನ್ನಡದಲ್ಲಿ ಕೇಳಿ.