ಗೋಳಗುಮ್ಮಟದ ಗೋಳು

ದಸರಾ ರಜೆಗೆ ಎಲ್ಲಿಗೆ ಹೋಗೋಣ ಎಂಬ ಮಾತು ಬಂದಾಗ "ಬಿಜಾಪುರ" ಎಂದು ಬಾಯಿ ಬಿಟ್ಟವನು ನಾನೇ. ಊರಿನ ಹೆಸರು 2014ರಲ್ಲೇ ವಿಜಯಪುರ ಆಗಿದೆ. ನನ್ನ ನಾಲಿಗೆಗೆ ಮಾತ್ರ ಆದೇಶದ ಪ್ರತಿ ಇನ್ನೂ ತಲುಪಿಲ್ಲ.

ಆಸೆ ಹಳೆಯದು. ಏಳನೇ ಕ್ಲಾಸಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋಗಿದ್ದಾಗ ನಮ್ಮ ಮೇಷ್ಟ್ರು ಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ನಿಂತು ಬೆಂಕಿಕಡ್ಡಿ ಗೀರಿದ್ದರು. ಎದುರುಗಡೆ ಗೋಡೆಗೆ ಕಿವಿಯಿಟ್ಟಿದ್ದ ನನಗೆ 'ಚರ್ರ್' ಅಂತ ಕೇಳಿಸಿತ್ತು. ಅದನ್ನು ಮಕ್ಕಳಿಗೆ ಕೇಳಿಸಬೇಕು, ಅಷ್ಟೇ. ಅದಕ್ಕಾಗಿ ಬೆಂಗಳೂರಿನಿಂದ 500 ಚಿಲ್ಲರೆ ಕಿಲೋಮೀಟರ್.

ದಾರಿಯಲ್ಲಿ ಟೋಲ್. ಫಾಸ್ಟ್ಯಾಗ್ ಇದೆಯಲ್ಲ, ಸುಯ್ಯಂತ ಹೋಗಬಹುದು ಎಂದುಕೊಂಡಿದ್ದೆ. "ಸ್ಕ್ಯಾನ್ ಆಗ್ತಿಲ್ಲ ಸರ್, ಸ್ವಲ್ಪ ಹಿಂದೆ ತಗೊಳ್ಳಿ" ಎಂದ ಹುಡುಗ. ಹಿಂದೆ ಈರುಳ್ಳಿ ಲಾರಿ. ಒಂದಡಿ ಹಿಂದೆ, ಎರಡಡಿ ಮುಂದೆ, ಮತ್ತೆ ಹಿಂದೆ. ಕೊನೆಗೆ ಇನ್ನೊಬ್ಬ ಕೈಯಲ್ಲಿ ಮೆಷಿನ್ ಹಿಡಿದು ಬಂದು ಕಾರಿನ ಗಾಜಿಗೆ ಮಂಗಳಾರತಿ ಎತ್ತಿದ. ನಾವು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ತಟ್ಟೆಗೆ ದಕ್ಷಿಣೆ ಮಾತ್ರ ಮೊದಲೇ ಬಿದ್ದಿತ್ತು, ಅದೂ ಎರಡು ಸಲ. ಮೊಬೈಲಿಗೆ ಮೆಸೇಜು ಬಂತು. ಇಂಗ್ಲಿಷಿನಲ್ಲಿ ಫಾಸ್ಟ್ ಅಂದರೆ ಉಪವಾಸ ಅಂತಲೂ ಅರ್ಥವಿದೆ. ಹೆಸರಿಟ್ಟವರು ಸುಳ್ಳು ಹೇಳಿಲ್ಲ ಬಿಡಿ.

ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ ದಾಟಿ, ಕೃಷ್ಣೆಯನ್ನೂ ದಾಟಿ ಊರು ಸೇರಿದೆವು. ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇಲ್ಲಿಯವರೆಗೂ ದೇಶದ ಬಗ್ಗೆ ನನಗೆ ತಕರಾರಿರಲಿಲ್ಲ.

ಬೆಳಗ್ಗೆ ಮಿನಾರಿನ ಮೆಟ್ಟಿಲು ಹತ್ತಿದೆವು. ಏಳು ಅಂತಸ್ತು. ಇಕ್ಕಟ್ಟು, ಕಡಿದು. ಏದುಸಿರು ಬಿಡುತ್ತಾ ಮೇಲೆ ಬಂದು ಬಾಗಿಲೊಳಗೆ ಕಾಲಿಟ್ಟರೆ... ಅಬ್ಬಬ್ಬಾ! ಜಾತ್ರೆ.

ನಮ್ಮ ಜನರ ವಿಜ್ಞಾನದ ಹಸಿವನ್ನು ಮೆಚ್ಚಲೇಬೇಕು. ಪಿಸುಗುಟ್ಟಿದರೂ ಆ ಕಡೆಗೆ ಕೇಳಿಸುತ್ತದೆ ಎಂದು ಬೋರ್ಡು ಹೇಳುತ್ತದೆ. ಹಾಗಾದರೆ ಕಿರುಚಿದರೆ ಇನ್ನೆಷ್ಟು ಕೇಳಿಸಬೇಡ! ಪ್ರಯೋಗ ನಡೆದೇ ಇತ್ತು. ಒಂದು ಕೂಗು ಏಳು ಸಲ ಮರುದನಿಸುತ್ತದೆ ಎನ್ನುತ್ತಾರೆ. ಅಲ್ಲಿ ಇನ್ನೂರು ಜನ ಇದ್ದರು. ಲೆಕ್ಕ ನೀವೇ ಹಾಕಿಕೊಳ್ಳಿ. ಒಬ್ಬರು "ಲೇ ಮಂಜಾ" ಎಂದು ಗಂಟಲು ಹರಿದುಕೊಂಡರು. ಮಂಜ ಅವರ ಪಕ್ಕದಲ್ಲೇ ನಿಂತಿದ್ದ. ಇನ್ನೊಂದು ಗುಂಪು ತಮ್ಮ ನಾಯಕರಿಗೆ ಜೈಕಾರ ಹಾಕಿತು. ಬಸ್ಸಿಲ್ಲ, ಬಿರಿಯಾನಿ ಪೊಟ್ಟಣವಿಲ್ಲ, ಒಬ್ಬನ ಖರ್ಚಿಗೆ ಏಳು ಜನರ ಜೈಕಾರ. ಪಕ್ಷಗಳ ಖಜಾಂಚಿಗಳು ಒಮ್ಮೆ ಬಂದು ನೋಡಬೇಕು. ಸದ್ದು ಮಾಡಬೇಡಿ ಎಂದು ಕಾವಲುಗಾರ ಸೀಟಿ ಊದಿದ. ಪಾಪ, ಆ ಸೀಟಿಯೂ ಏಳು ಸಲ ಕೇಳಿಸಿತು. ಅದಕ್ಕೆ ಹುಡುಗರಿಂದ ಚಪ್ಪಾಳೆ, ಅದೂ ಏಳೇಳು.

"ಅಪ್ಪಾ, ಇವರೆಲ್ಲ ಯಾಕೆ ಕಿರುಚ್ತಿದಾರೆ?" ಎಂದು ಮಗಳು ನನ್ನ ಕಿವಿಯ ಹತ್ತಿರ ಬಂದು ಕಿರುಚಿದಳು.

ಗೋಡೆಗೆ ಕಿವಿಯಿಡಲು ಹೋದೆ. ಅಲ್ಲಿ ಜಾಗ ಇರಲಿಲ್ಲ. ಒಂದು ಹೃದಯ, ಅದಕ್ಕೊಂದು ಬಾಣ, ಎರಡು ಹೆಸರು, ಕೆಳಗೆ ಊರು, ಇಸವಿ. ಪಕ್ಕದಲ್ಲಿ ಇನ್ನೊಂದು. 1958ರ ಸ್ಮಾರಕ ಕಾಯ್ದೆಯ ಪ್ರಕಾರ ಹೀಗೆ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಳ್ಳ ತಾನೇ ಹೆಸರು, ಊರು ಬರೆದಿಟ್ಟು ಹೋಗುವ ಅಪರಾಧ ಇದೊಂದೇ ಇರಬೇಕು. ಆದರೂ ಯಾರೂ ಸಿಕ್ಕಿಬೀಳುವುದಿಲ್ಲ.

ಇದು ಸಮಾಧಿ ಕಣ್ರೀ. ಕೆಳಗೆ ಮಹಮ್ಮದ್ ಆದಿಲ್ ಶಾಹ, ಅವನ ಹೆಂಡತಿಯರು, ಮಗಳು, ಮೊಮ್ಮಗ ಮಲಗಿದ್ದಾರೆ. 1656ರಲ್ಲಿ ಅವನು ಸತ್ತ. ನಡುವೆ ಒಂದೇ ಒಂದು ಕಂಬವಿಲ್ಲದೆ, ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ ನಿಲ್ಲಿಸಿದ್ದಾರೆ. ಹೆಸರು ಗೊತ್ತಿಲ್ಲದ ಎಷ್ಟೋ ಜನ ಕಲ್ಲು, ಗಾರೆ ಹೊತ್ತಿದ್ದಾರೆ. ನಿಮ್ಮ ತಾತನ ಸಮಾಧಿ ಮೇಲೆ ನಿಂತು ಯಾರಾದರೂ ಸೀಟಿ ಹೊಡೆದರೆ ಸುಮ್ನೆ ಇರ್ತೀರಾ? ಸಾಕಾಗಿದೆ. ನಾನೂ ಕೂಗಬಹುದಿತ್ತು. ಕೂಗಿದ್ದರೆ ಅದನ್ನೂ ಎಂಟನೇ ದನಿ ಎಂದುಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ನೋಡಿದರೆ ಹೆಂಡತಿ ಎದುರುಗಡೆ ಹೋಗಿ ಗೋಡೆಗೆ ಬಾಯಿಟ್ಟು ಏನೋ ಹೇಳುತ್ತಿದ್ದಾಳೆ. ಹದಿನೆಂಟು ವರ್ಷದ ಸಂಸಾರ, ಇಂಥ ಜಾಗ. ಮನಸ್ಸು ಸ್ವಲ್ಪ ಅರಳಿತು. ಹೃದಯ, ಬಾಣಗಳ ನಡುವೆ ಒಂದಿಷ್ಟು ಖಾಲಿ ಗೋಡೆ ಹುಡುಕಿ ಕಿವಿಯಿಟ್ಟೆ. "ಲೇ ಮಂಜಾ" ಎಂದಿತು ಗೋಡೆ.

ಕೆಳಗಿಳಿದು, ಹುಲ್ಲಿನ ಮೇಲೆ ಕೂತು, ನೀರು ಕುಡಿದು ಕೇಳಿದೆ.

"ಮೇಲೆ ಏನೋ ಹೇಳ್ತಿದ್ದೆಯಲ್ಲ, ಏನದು?"

"ತಲೆ ಸಿಡೀತಿದೆ, ಹೋಗೋಣ ನಡೀರಿ ಅಂದೆ. ನಾಲ್ಕು ಸಲ ಹೇಳಿದೆ ಕಣ್ರೀ."